ಜೀಪು ಎತ್ತರಿಸುವ ಮೊದಲು ಅದರ ಆರ್ಮ್ ಕಡೆ ನೋಡಿ

ಕಾಫಿಗೆ ಒಳ್ಳೆ ಬೆಲೆ ಬಂದ ಮೇಲೆ ನಮ್ಮ ಮಲೆನಾಡಿನ ತೋಟಗಳಲ್ಲಿ ಎರಡು ಬದಲಾವಣೆ ಎದ್ದು ಕಾಣ್ತಿದೆ. ಒಂದು, ಹಳೇ ಕಣಗಳಿಗೆ ಹೊಸ ಸಿಮೆಂಟ್ ಬಿದ್ದಿದೆ. ಇನ್ನೊಂದು, ಶೆಡ್ಡಿನಲ್ಲಿ ನಿಂತ ಜೀಪು ನಾಲ್ಕು ಬೆರಳು ಮೇಲೆದ್ದಿದೆ. ಕಣಕ್ಕೆ ಸಿಮೆಂಟ್ ಹಾಕಿಸಿದ್ದರ ಬಗ್ಗೆ ನನ್ನದೇನೂ ತಕರಾರಿಲ್ಲ. ಜೀಪು ಮೇಲೆದ್ದ ಬಗ್ಗೆ ಮಾತ್ರ ಸ್ವಲ್ಪ ಮಾತಾಡಬೇಕು ಅನ್ನಿಸಿದೆ.

ಜೀಪು ಅಂದರೆ ನಮ್ಮ ಕಡೆ ಹಳೇ ಮಹೀಂದ್ರ ಜೀಪು ಒಂದೇ ಅಲ್ಲ. ಥಾರ್, ಜಿಮ್ನಿ, ಜಿಪ್ಸಿ, ಫೋರ್ ವೀಲ್ ಇರೋದೆಲ್ಲ ಜೀಪೇ. ಗೊಬ್ಬರ ಹೊರೋದು, ಹಣ್ಣಿನ ಮೂಟೆ ಪಲ್ಪರ್ ಮನೆಗೆ ತರೋದು, ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಬಿಡೋದು, ರಾತ್ರಿ ಹೊತ್ತು ಯಾರಿಗಾದರೂ ಹುಷಾರಿಲ್ಲದಿದ್ದರೆ ಆಸ್ಪತ್ರೆಗೆ ಓಡೋದು, ಎಲ್ಲಾ ಅದರಲ್ಲೇ. ಇಂಥ ಗಾಡಿಗೆ ಉದ್ದನೆಯ ಸ್ಪ್ರಿಂಗ್ ಹಾಕಿಸಿ ಎತ್ತರಿಸುವವರು ಹೆಚ್ಚಾಗಿದ್ದಾರೆ. ಸ್ಪ್ರಿಂಗ್ ಬದಲಾಯಿಸುತ್ತಾರೆ, ಶಾಕ್ ಅಬ್ಸಾರ್ಬರ್ ಬದಲಾಯಿಸುತ್ತಾರೆ, ದಪ್ಪ ಟೈರು ಹಾಕುತ್ತಾರೆ. ಆ ಸ್ಪ್ರಿಂಗಿನ ಕೆಳಗೆ ಚಕ್ರವನ್ನು ಜಾಗದಲ್ಲಿ ಹಿಡಿದು ನಿಲ್ಲಿಸುವ ಕಂಟ್ರೋಲ್ ಆರ್ಮ್ ಮಾತ್ರ ಕಂಪನಿ ಕೊಟ್ಟದ್ದೇ ಉಳಿದುಬಿಡ್ತದೆ.

ನನ್ನ ಅಭಿಪ್ರಾಯ ಸರಳ. ಆರ್ಮ್ ಒಪ್ಪುವಷ್ಟೇ ಎತ್ತರ ನಮ್ಮದು. ಅದಕ್ಕಿಂತ ಹೆಚ್ಚು ಎತ್ತರ ಬೇಕೆಂದರೆ ಮೊದಲು ಆರ್ಮಿಗೆ ದುಡ್ಡು ಇಡಿ, ಆಮೇಲೆ ಸ್ಪ್ರಿಂಗಿಗೆ. ಎರಡಕ್ಕೂ ದುಡ್ಡಿಲ್ಲ ಅಂದರೆ ಎತ್ತರಿಸೋದೇ ಬೇಡ. ಇದನ್ನು ಸುಮ್ಮನೆ ಹೇಳ್ತಿಲ್ಲ, ಲೆಕ್ಕ ಸಮೇತ ಹೇಳ್ತೇನೆ.

ಆರ್ಮ್ ಮಾಡುವ ಕೆಲಸ ಏನು?

ಕಾಯಿಲ್ ಸ್ಪ್ರಿಂಗ್ ಭಾರ ಹೊರುತ್ತದೆ, ಅಷ್ಟೇ. ಚಕ್ರ ಹಿಂದೆ ಮುಂದೆ ಸರಿಯದ ಹಾಗೆ ಹಿಡಿಯುವ ಶಕ್ತಿ ಅದಕ್ಕಿಲ್ಲ. ಆ ಕೆಲಸ ಆರ್ಮಿನದು. ಒಂದು ತುದಿ ಚಾಸಿಗೆ ಬುಶ್ ಮೂಲಕ ಕಟ್ಟಿರುತ್ತದೆ, ಇನ್ನೊಂದು ತುದಿ ಆಕ್ಸಲ್ ಹೌಸಿಂಗಿಗೆ. ಗಾಡಿ ಗುಂಡಿಗೆ ಇಳಿದಾಗ, ಕಲ್ಲು ಹತ್ತಿದಾಗ ಆರ್ಮ್ ಆ ಬುಶ್ಶಿನ ಸುತ್ತ ಮೇಲೆ ಕೆಳಗೆ ತೂಗುತ್ತದೆ.

ಇದು ಅರ್ಥವಾಗಲು ಗ್ಯಾರೇಜಿಗೆ ಹೋಗಬೇಕಿಲ್ಲ. ಒಂದು ಗೋಡೆಯ ಎದುರು ನಿಂತು ಕೈಯನ್ನು ಭುಜದ ಮಟ್ಟಕ್ಕೆ ನೇರ ಚಾಚಿ, ಅಂಗೈಯನ್ನು ಗೋಡೆಗೆ ಒತ್ತಿ ಇಡಿ. ಈಗ ಮೊಣಕೈಯನ್ನೂ ಮಣಿಕಟ್ಟನ್ನೂ ಬಾಗಿಸದೆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ. ಎರಡು ಸಂಗತಿ ಆಗ್ತದೆ. ಅಂಗೈ ಗೋಡೆಯಿಂದ ದೂರ ಸರಿದು ನಿಮ್ಮ ಕಡೆ ಬರ್ತದೆ. ಜೊತೆಗೆ ನೆಟ್ಟಗಿದ್ದ ಅಂಗೈ ಓರೆಯಾಗ್ತದೆ, ಬೆರಳ ತುದಿ ಮುಂದಕ್ಕೆ ಬಾಗ್ತದೆ.

ಜೀಪು ಎತ್ತರಿಸಿದಾಗ ಮುಂದಿನ ಆಕ್ಸಲಿಗೆ ಆಗುವುದೂ ಇದೇ. ಭುಜ ಅಂದರೆ ಚಾಸಿ ಮೇಲಕ್ಕೆ ಹೋಯಿತು, ಕೈ ಅಂದರೆ ಆರ್ಮ್ ಕೆಳಮುಖವಾಯಿತು, ಅಂಗೈ ಅಂದರೆ ಆಕ್ಸಲ್ ಹಿಂದಕ್ಕೆ ಬಂತು ಮತ್ತು ತಿರುಗಿತು. ಹಿಂದಕ್ಕೆ ಬಂದದ್ದರಿಂದ ಟೈರು ಮಡ್‌ಗಾರ್ಡಿನ ಹಿಂದಿನ ಅಂಚಿಗೆ ಹತ್ತಿರವಾಗ್ತದೆ. ತಿರುಗಿದ್ದರಿಂದ ಆಗುವುದು ಇದಕ್ಕಿಂತ ಗಂಭೀರ. ಸ್ಟೇರಿಂಗಿನ ಕ್ಯಾಸ್ಟರ್ ಹೋಗ್ತದೆ.

ಕ್ಯಾಸ್ಟರ್ ಅಂದರೆ ಏನು ಅಂತ ತಿಳಿಯಬೇಕಾದರೆ ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಅದು ನೆಟ್ಟಗಿಲ್ಲ, ಮೇಲ್ತುದಿ ಸವಾರನ ಕಡೆಗೆ ಓರೆಯಾಗಿದೆ. ಆ ಓರೆಯಿಂದಲೇ ಕೈಬಿಟ್ಟರೂ ಸೈಕಲ್ ನೇರ ಓಡ್ತದೆ. ಜೀಪಿನ ಮುಂದಿನ ಚಕ್ರ ತಿರುಗುವ ಅಕ್ಷವೂ ಹಾಗೇ ಕೆಲವು ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ಮಧ್ಯಕ್ಕೆ ಬರುವುದು ಅದರಿಂದಲೇ. ಆ ಓರೆ ಕಮ್ಮಿಯಾದರೆ ಗಾಡಿ ರಸ್ತೆಯಲ್ಲಿ ತೇಲಿದ ಹಾಗಾಗ್ತದೆ. ಸ್ಟೇರಿಂಗನ್ನು ನಾವೇ ಹಿಂದಕ್ಕೆ ತರಬೇಕಾಗ್ತದೆ.

ಒಂದು ಲೆಕ್ಕ ಹಾಕೋಣ

ಉದಾಹರಣೆಗೆ ಆರ್ಮಿನ ಉದ್ದ 600 ಮಿ.ಮೀ. ಅಂತ ಇಟ್ಟುಕೊಳ್ಳಿ. ಕಂಪನಿಯಿಂದ ಬಂದಾಗ ಆರ್ಮಿನ ಆಕ್ಸಲ್ ತುದಿ ಚಾಸಿ ತುದಿಗಿಂತ 40 ಮಿ.ಮೀ. ಕೆಳಗಿದೆ ಅನ್ನೋಣ. ಅಂದರೆ ಆರ್ಮಿನ ಇಳಿಜಾರು ಸುಮಾರು 3.8 ಡಿಗ್ರಿ.

ಎರಡು ಇಂಚು, ಅಂದರೆ ಸುಮಾರು 50 ಮಿ.ಮೀ. ಎತ್ತರಿಸಿದಿರಿ. ಈಗ ಇಳಿಜಾರು 8.6 ಡಿಗ್ರಿ. ಆಕ್ಸಲ್ ಹಿಂದಕ್ಕೆ ಬಂದದ್ದು ಐದೂವರೆ ಮಿ.ಮೀ., ತಿರುಗಿದ್ದು 4.8 ಡಿಗ್ರಿ.

ನಾಲ್ಕು ಇಂಚು, ಅಂದರೆ 100 ಮಿ.ಮೀ. ಎತ್ತರಿಸಿದರೆ ಇಳಿಜಾರು 13.5 ಡಿಗ್ರಿ. ಆಕ್ಸಲ್ ಹಿಂದಕ್ಕೆ ಬಂದದ್ದು 15 ಮಿ.ಮೀ., ತಿರುಗಿದ್ದು 9.7 ಡಿಗ್ರಿ.

ಎರಡು ವಿಷಯ ಗಮನಿಸಿ. ಎತ್ತರ ಎರಡು ಪಟ್ಟು ಆದಾಗ ಆಕ್ಸಲ್ ಸರಿದದ್ದು ಹೆಚ್ಚುಕಮ್ಮಿ ಮೂರು ಪಟ್ಟು. ಮೊದಲ ಎರಡು ಇಂಚಿಗೆ ಸುಮ್ಮನಿದ್ದ ಗಾಡಿ ಮುಂದಿನ ಎರಡು ಇಂಚಿಗೆ ತಕರಾರು ತೆಗೆಯುವುದು ಇದಕ್ಕೇ. ಇನ್ನೊಂದು, ಕ್ಯಾಸ್ಟರ್ ಇರುವುದೇ ಕೆಲವು ಡಿಗ್ರಿ. ಆರ್ಮ್ ಹೌಸಿಂಗಿಗೆ ಗಟ್ಟಿಯಾಗಿ ಕಚ್ಚಿಕೊಂಡ ಗಾಡಿಯಲ್ಲಿ 4.8 ಡಿಗ್ರಿ ತಿರುಗಿದರೆ ಇದ್ದ ಕ್ಯಾಸ್ಟರ್ ಪೂರ್ತಿ ತೊಳೆದುಹೋಗಬಹುದು. ನಿಮ್ಮ ಗಾಡಿಯ ಆರ್ಮ್ ಉದ್ದ ಬೇರೆ ಇರಬಹುದು, ಅಂಕಿ ಸ್ವಲ್ಪ ಹಿಂದುಮುಂದಾಗಬಹುದು. ಆರ್ಮ್ ಗಿಡ್ಡ ಇದ್ದಷ್ಟೂ ತಿರುಗುವುದು ಜಾಸ್ತಿ, ಉದ್ದ ಇದ್ದಷ್ಟೂ ಕಮ್ಮಿ. ಅಳೆಯೋ ಟೇಪು ಹಿಡಿದು ನೀವೇ ಲೆಕ್ಕ ಹಾಕಬಹುದು.

ಎಲ್ಲಾ ಜೀಪಿಗೂ ಒಂದೇ ಮದ್ದಲ್ಲ

ಒಂದೇ ಗೊಬ್ಬರ ಅಡಿಕೆಗೂ ಕಾಫಿಗೂ ಒಂದೇ ಅಳತೆಯಲ್ಲಿ ಹಾಕ್ತೀವಾ? ಇಲ್ಲವಲ್ಲ. ಗಾಡಿಯೂ ಹಾಗೇ.

ಹಳೇ ಮಹೀಂದ್ರ ಎಂಎಂ 540, ಮಾರುತಿ ಜಿಪ್ಸಿ ಇವೆಲ್ಲ ನಾಲ್ಕೂ ಕಡೆ ಕಮಾನು ಪಟ್ಟಿಯ ಗಾಡಿಗಳು. ಇವಕ್ಕೆ ಕಂಟ್ರೋಲ್ ಆರ್ಮೇ ಇಲ್ಲ. ಭಾರ ಹೊರುವುದೂ, ಆಕ್ಸಲ್ ಹಿಡಿಯುವುದೂ ಪಟ್ಟಿಯೇ. ಹಾಗಂತ ತಾಪತ್ರಯ ಇಲ್ಲ ಅಂತಲ್ಲ. ಕಡಿಮೆ ಖರ್ಚಿನಲ್ಲಿ ಎತ್ತರಿಸಲು ಮುಂದೆ ಉದ್ದನೆಯ ಶ್ಯಾಕಲ್ ಹಾಕಿದರೆ ಪಟ್ಟಿಯ ಒಂದು ತುದಿ ಮಾತ್ರ ಕೆಳಗಿಳಿದು ಹೌಸಿಂಗ್ ತಿರುಗ್ತದೆ. ಶ್ಯಾಕಲ್ ಮುಂದಿನ ತುದಿಯಲ್ಲಿರುವ ಹಳೇ ಜೀಪುಗಳಲ್ಲಿ ಇದರಿಂದ ಕ್ಯಾಸ್ಟರ್ ಕಮ್ಮಿಯಾಗ್ತದೆ. ಇದಕ್ಕೆ ಪಟ್ಟಿಗೂ ಹೌಸಿಂಗಿಗೂ ನಡುವೆ ಓರೆ ಬೆಣೆ ಕೊಟ್ಟು ಸರಿ ಮಾಡುವುದು ಹಳೇ ಮೇಸ್ತ್ರಿಗಳಿಗೆಲ್ಲ ಗೊತ್ತು. ಈ ಗಾಡಿಗಳಲ್ಲಿ ಆ ಬೆಣೆಯೇ ಆರ್ಮ್ ಇದ್ದ ಹಾಗೆ.

2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಜಿಮ್ನಿಗೆ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಪ್ರತಿ ಆಕ್ಸಲಿಗೂ ಉದ್ದಕ್ಕೆ ಎರಡು ಆರ್ಮ್, ಅಡ್ಡಕ್ಕೆ ಒಂದು ರಾಡ್. ನಾನು ಮೇಲೆ ಹೇಳಿದ ಗೋಡೆ-ಅಂಗೈ ಪಾಠ ಅಕ್ಷರಶಃ ಅನ್ವಯಿಸುವುದು ಇದರ ಮುಂದಿನ ಆರ್ಮಿಗೆ. ಹಿಂದೆ ಆರ್ಮ್ ಉಲ್ಟಾ ದಿಕ್ಕಿನಲ್ಲಿರುವುದರಿಂದ ಎತ್ತರಿಸಿದಾಗ ಆಕ್ಸಲ್ ಮುಂದಕ್ಕೆ ಬರ್ತದೆ, ಡಿಫರೆನ್ಷಿಯಲ್ ಮೂತಿ ಮೇಲಕ್ಕೆ ಏಳ್ತದೆ. ಅಡ್ಡ ರಾಡೂ ಆರ್ಮಿನ ಹಾಗೇ ವರ್ತಿಸಿ ಇಡೀ ಆಕ್ಸಲನ್ನು ಕೆಲವು ಮಿ.ಮೀ. ಒಂದು ಪಕ್ಕಕ್ಕೆ ಎಳೀತದೆ. ಒಂದು ಕಡೆ ಟೈರು ಹೊರಗೆ ಚಾಚಿಕೊಂಡು, ಇನ್ನೊಂದು ಕಡೆ ಒಳಗೆ ಸೇರಿಕೊಂಡ ಜೀಪುಗಳನ್ನು ನೀವೂ ನೋಡಿರಬಹುದು.

2020ರ ಹೊಸ ಥಾರಿಗೆ ಹಿಂದೆ ಗಟ್ಟಿ ಆಕ್ಸಲ್ ಇದ್ದರೂ ಮುಂದೆ ಎರಡು ಚಕ್ರವೂ ಬೇರೆಬೇರೆ. ಪ್ರತಿ ಚಕ್ರಕ್ಕೂ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್. ಇಲ್ಲಿ ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರ್ ತಲೆಯ ಮೇಲೆ ಒಂದು ಸ್ಪೇಸರ್ ಇಟ್ಟು ಎತ್ತರಿಸ್ತಾರೆ. ಸ್ಪೇಸರ್ ಒಂದು ಇಂಚಿದ್ದರೆ ಗಾಡಿ ಏರುವುದು ಒಂದೇ ಇಂಚಲ್ಲ, ಅದಕ್ಕಿಂತ ಹೆಚ್ಚು. ಶಾಕ್ ಅಬ್ಸಾರ್ಬರ್ ಕೂತಿರುವುದು ಆರ್ಮಿನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಹಾರೆಯಿಂದ ಕಲ್ಲು ಮೀಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರಿಸಿದ ಮೇಲೆ ಮೇಲಿನ ಆರ್ಮಿನ ಬಾಲ್ ಜಾಯಿಂಟ್ ತನ್ನ ಮಿತಿಯ ಹತ್ತಿರ ಬಂದು ನಿಲ್ತದೆ. ಚಕ್ರ ಗುಂಡಿಯಲ್ಲಿ ಪೂರ್ತಿ ಜೋತಾಗ ಆರ್ಮ್ ಸ್ಪ್ರಿಂಗಿಗೆ ತಾಗಲೂಬಹುದು. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ರಬ್ಬರ್ ಬೂಟ್ ಬೇಗ ಹರೀತದೆ. ಗ್ರೀಸ್ ಹೊರಗೆ, ಕೆಸರುನೀರು ಒಳಗೆ. ಆಮೇಲೆ ಕಟ ಕಟ ಶಬ್ದ ಶುರು.

ಅದಕ್ಕೂ ಹಿಂದಿನ ಥಾರ್ ಸಿಆರ್‌ಡಿಇಗೆ ಮುಂದೆ ಟಾರ್ಷನ್ ಬಾರ್. ಇದನ್ನು ಎತ್ತರಿಸಲು ಏನೂ ಕೊಳ್ಳಬೇಕಿಲ್ಲ, ಬೋಲ್ಟ್ ಬಿಗಿ ಮಾಡಿದರೆ ಸಾಕು. ದುಡ್ಡಿಲ್ಲದೆ ಸಿಗುವ ಎತ್ತರ ಅಂತ ಹಿಗ್ಗುವವರಿದ್ದಾರೆ. ಆದರೆ ಆರ್ಮ್ ಕೆಳಗಿನ ತಡೆಗೆ ಹೋಗಿ ಕೂತಿರ್ತದೆ. ಚಕ್ರಕ್ಕೆ ಗುಂಡಿಯೊಳಗೆ ಇಳಿಯಲು ಜಾಗವೇ ಇರುವುದಿಲ್ಲ. ಎತ್ತರ ಸಿಕ್ಕಿತು, ನೆಲ ಹಿಡಿಯುವ ಗುಣ ಹೋಯಿತು.

ನಿಮಗೆ ಎತ್ತರ ಯಾಕೆ ಬೇಕು?

ಎತ್ತರಿಸಿದವರನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ, "ಮಳೆಗಾಲದಲ್ಲಿ ತೋಟದ ರಸ್ತೆಯ ನಡುದಿಣ್ಣೆಗೆ ಹೌಸಿಂಗ್ ತಾಗ್ತಿತ್ತು, ಅದಕ್ಕೇ" ಅಂತಾರೆ. ಇಲ್ಲೇ ದೊಡ್ಡ ತಪ್ಪು ತಿಳುವಳಿಕೆ ಇರುವುದು.

ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಸ್ಪ್ರಿಂಗ್ ಉದ್ದ ಮಾಡಿದರೆ ಮೇಲಕ್ಕೆ ಹೋಗುವುದು ಚಾಸಿ ಮತ್ತು ಬಾಡಿ ಮಾತ್ರ. ಹೌಸಿಂಗ್ ಎಲ್ಲಿತ್ತೋ ಅಲ್ಲೇ ಇರ್ತದೆ. ಅದು ಕೂತಿರುವುದು ಚಕ್ರದ ಮಧ್ಯಕ್ಕೆ, ಸ್ಪ್ರಿಂಗಿಗಲ್ಲ. ಹೌಸಿಂಗ್ ಏರಬೇಕಾದರೆ ಟೈರೇ ದೊಡ್ಡದಾಗಬೇಕು, ಅದೂ ಟೈರು ಬೆಳೆದದ್ದರ ಅರ್ಧದಷ್ಟು ಮಾತ್ರ. ಜಿಮ್ನಿಯ ಕಂಪನಿ ಟೈರು 195/80 ಆರ್ 15, ಎತ್ತರ ಸುಮಾರು 693 ಮಿ.ಮೀ. ಅದರ ಬದಲು 235/75 ಆರ್ 15 ಹಾಕಿದರೆ ಸುಮಾರು 733. ಹೌಸಿಂಗಿಗೆ ಸಿಗುವುದು 20 ಮಿ.ಮೀ. ಅಷ್ಟಕ್ಕೇ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು ಮೂರೂವರೆ ಕಿ.ಮೀ. ಜಾಸ್ತಿ ವೇಗದಲ್ಲಿರ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಎಲ್ಲಿಗೂ ತಾಗುವುದಿಲ್ಲವೇ ಅಂತಲೂ ನೋಡಬೇಕು.

ಎತ್ತರಿಸುವುದರಿಂದ ಲಾಭ ಇರುವುದು ಬೇರೆ ಕಡೆ. ಕಡಿದಾದ ಏರಿನ ಬುಡದಲ್ಲಿ ಬಂಪರ್ ತಾಗುವುದು, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ತಾಗುವುದು ಇವು ಕಮ್ಮಿಯಾಗ್ತವೆ. ಹೊಸ ಥಾರಿನ ನೆಲದಂತರ ಕಂಪನಿ ಹೇಳುವಂತೆ 226 ಮಿ.ಮೀ., ಜಿಮ್ನಿಯದು 210. ತೋಟದ ಕೆಲಸಕ್ಕೆ ಇದು ಸಾಲದು ಅನ್ನುವ ರಸ್ತೆ ಇದ್ದರೆ ಗಾಡಿಗಿಂತ ರಸ್ತೆಯನ್ನೇ ಮೊದಲು ರಿಪೇರಿ ಮಾಡಿಸಬೇಕು ಅನ್ನುವವನು ನಾನು. ನಡುದಿಣ್ಣೆಯನ್ನು ಎರಡಾಳು ಹಿಡಿದು ಪಿಕಾಸಿಯಲ್ಲಿ ಕೆತ್ತಿಸಿ. ಚಕ್ರದ ಜಾಡಿಗೆ ಕಲ್ಲು ತುಂಬಿಸಿ. ಇಳಿಜಾರಿನಲ್ಲಿ ಅಲ್ಲಲ್ಲಿ ನೀರು ಪಕ್ಕಕ್ಕೆ ಹರಿಯುವ ಹಾಗೆ ಅಡ್ಡಗಾಲುವೆ ತೆಗೆಸಿ, ಚರಂಡಿಯಲ್ಲಿ ತುಂಬಿದ ದರಗು ಮಳೆಗೆ ಮೊದಲೇ ಎತ್ತಿಸಿ. ಈ ಕೆಲಸದಿಂದ ಜೀಪಿಗಷ್ಟೇ ಅಲ್ಲ, ಟ್ರ್ಯಾಕ್ಟರಿಗೂ, ಪಿಕಪ್ಪಿಗೂ, ನಡೆದು ಹೋಗುವವರಿಗೂ ಉಪಕಾರ. ಮೇಲ್ಮಣ್ಣು ಹಳ್ಳ ಸೇರುವುದೂ ತಪ್ತದೆ.

ಹಿಂದೆ ಕೂತವರ ಬಗ್ಗೆ ಯೋಚಿಸಿ

ಆಫ್ ರೋಡ್ ಸ್ಪರ್ಧೆಗೆ ಹೋಗುವ ಗಾಡಿಗೂ ತೋಟದ ಗಾಡಿಗೂ ಒಂದು ವ್ಯತ್ಯಾಸ ಇದೆ. ಸ್ಪರ್ಧೆಯ ಗಾಡಿಯಲ್ಲಿ ಇಬ್ಬರಿರ್ತಾರೆ, ಬೆಲ್ಟು ಹಾಕಿರ್ತಾರೆ, ತಲೆಯ ಮೇಲೆ ಕಬ್ಬಿಣದ ಪಂಜರ ಇರ್ತದೆ. ತೋಟದ ಗಾಡಿಯಲ್ಲಿ ಕೊಯ್ಲಿನ ಕಾಲಕ್ಕೆ ಹಿಂದುಗಡೆ ಹೆಂಗಸರು, ಬುತ್ತಿ ಚೀಲ, ಕೆಲವೊಮ್ಮೆ ಮಕ್ಕಳೂ ಇರ್ತಾರೆ. ಸಂಜೆ ಬರುವಾಗ ಮೂಟೆ, ಮೂಟೆಯ ಮೇಲೆ ಆಳು. ಅವರ್ಯಾರಿಗೂ ನಮ್ಮ ಜೀಪಿನ ಕ್ಯಾಸ್ಟರ್ ಎಷ್ಟು ಅಂತ ಗೊತ್ತಿಲ್ಲ. ನಮ್ಮನ್ನು ನಂಬಿ ಹತ್ತಿ ಕೂತಿರ್ತಾರೆ.

ಇನ್ನೊಂದು ಸಣ್ಣ ಲೆಕ್ಕ. ಎಡ ಬಲ ಚಕ್ರಗಳ ನಡುವಿನ ಅಗಲ 1400 ಮಿ.ಮೀ., ಖಾಲಿ ಗಾಡಿಯ ಭಾರದ ಕೇಂದ್ರ ನೆಲದಿಂದ 700 ಮಿ.ಮೀ. ಎತ್ತರದಲ್ಲಿದೆ ಅಂದುಕೊಳ್ಳಿ. ಕಾಗದದ ಮೇಲೆ ಅದು 45 ಡಿಗ್ರಿ ವಾಲಿದಾಗ ಮಗುಚುತ್ತದೆ. ಮೂಟೆ, ಜನ ಹತ್ತಿದ ಮೇಲೆ ಕೇಂದ್ರ 900ಕ್ಕೆ ಏರಿತು ಅನ್ನೋಣ, ಮಗುಚುವ ಕೋನ 38 ಡಿಗ್ರಿಗೆ ಇಳೀತದೆ. ಅದರ ಮೇಲೆ ನಾಲ್ಕು ಇಂಚು ಎತ್ತರಿಸಿದರೆ 35. ಇದು ನಿಂತ ಗಾಡಿಯ ಲೆಕ್ಕ. ಓಡುವಾಗ ಸ್ಪ್ರಿಂಗ್ ಒಂದು ಕಡೆ ಕುಸೀತದೆ, ತಿರುವಿನ ಎಳೆತ ಸೇರ್ತದೆ, ಹಾಗಾಗಿ ನಿಜವಾದ ಕೋನ ಇದಕ್ಕಿಂತ ಎಷ್ಟೋ ಕಮ್ಮಿ. ಒಂದು ಪಕ್ಕದ ಚಕ್ರಗಳು ಒಂದಡಿ ಆಳದ ಜಾಡಿಗೆ ಇಳಿದರೇ 12 ಡಿಗ್ರಿ ಖರ್ಚಾಯಿತು. ಇಂಥ ಜಾಗದಲ್ಲಿ ಹೇಳಿದ ಮಾತು ಕೇಳದ ಸ್ಟೇರಿಂಗ್ ಕೈಯಲ್ಲಿದ್ದರೆ ಏನು ಗತಿ?

ನಮ್ಮ ಪಕ್ಕದ ತೋಟದ ಹುಡುಗನೊಬ್ಬ ಹೋದ ವರ್ಷ ಗಾಡಿ ಎತ್ತರಿಸಿ ತಂದ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಟೈರು ಎಲ್ಲಾ ಹೊಸದು, ಆರ್ಮ್ ಹಳೇದು. ಎರಡು ವಾರಕ್ಕೆ ನಮ್ಮನೆಗೆ ಬಂದು, "ಚಿಕ್ಕಪ್ಪ, ಘಾಟಿ ಇಳಿವಾಗ ಗಾಡಿ ಒಂಥರಾ ತೇಲ್ತದೆ, ಒಂದ್ಸಲ ಓಡಿಸಿ ನೋಡ್ತೀರಾ" ಅಂದ. ಓಡಿಸಿ ನೋಡಿದೆ. ತಿರುವು ಮುಗಿದರೂ ಸ್ಟೇರಿಂಗ್ ವಾಪಸ್ ಬರ್ತಿರಲಿಲ್ಲ. ನಲವತ್ತರ ವೇಗದಲ್ಲಿ ಗುಂಡಿಗೆ ಬಿದ್ದರೆ ಸ್ಟೇರಿಂಗ್ ಗಡಗಡ ನಡುಗ್ತಿತ್ತು. ಕೆಲಸ ಮಾಡಿಕೊಟ್ಟ ಗ್ಯಾರೇಜಿನವರು, "ಅಭ್ಯಾಸ ಆಗ್ತದೆ ಸಾರ್, ಎತ್ತರದ ಗಾಡಿ ಎಲ್ಲಾ ಹಿಂಗೇ" ಅಂದಿದ್ದರಂತೆ. ಅಭ್ಯಾಸ ಆಗಬೇಕಾದ ವಿಷಯ ಅಲ್ಲ ಇದು. ಅಲೈನ್‌ಮೆಂಟ್ ಯಂತ್ರಕ್ಕೆ ಹಾಕಿಸಿ ಕ್ಯಾಸ್ಟರ್ ಎಷ್ಟಿದೆ ಅಂತ ಬರೆಸಿಕೊಂಡು ಬಾ ಅಂದೆ. ಸೊನ್ನೆಯ ಹತ್ತಿರ ಇತ್ತು. ಓರೆ ಸರಿಪಡಿಸಿದ ಆರ್ಮ್ ಹಾಕಿಸಿ, ಅಡ್ಡ ರಾಡ್ ಅಳತೆಗೆ ತಂದ ಮೇಲೆ ಅದೇ ಗಾಡಿ ಮೊದಲಿನ ಹಾಗೆ ನೇರ ಓಡ್ತಿದೆ. ಮೊದಲೇ ಆರ್ಮ್ ಹಾಕಿಸಿದ್ದರೆ ಎರಡು ಸಲ ಕೂಲಿ ಕೊಡುವುದು ತಪ್ಪುತ್ತಿತ್ತು. ಆ ಎರಡು ವಾರ ಅವನು ಅದರಲ್ಲಿ ಆಳುಗಳನ್ನು ಕರೆತರ್ತಿದ್ದ ಅನ್ನುವುದು ನನಗೆ ದುಡ್ಡಿಗಿಂತ ದೊಡ್ಡ ವಿಷಯ.

ಎಷ್ಟು ಎತ್ತರಕ್ಕೆ ಏನು ಬೇಕು?

ಇಷ್ಟೆಲ್ಲ ಕೇಳಿದ ಮೇಲೂ ಎತ್ತರ ಬೇಕೇ ಬೇಕು ಅನ್ನುವವರಿಗೆ ನಾನು ಹೇಳುವ ಲೆಕ್ಕ ಹೀಗಿದೆ.

ಒಂದು ಇಂಚಿನವರೆಗೆ: ಹೆಚ್ಚಿನ ಗಾಡಿಗಳಿಗೆ ಕಂಪನಿ ಆರ್ಮೇ ಸಾಕು. ಆದರೂ ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ. ತುಂಬಾ ಹಳೇ ಗಾಡಿಯಲ್ಲಿ ಸ್ಪ್ರಿಂಗ್ ಕುಸಿದಿರ್ತದೆ. ಹೊಸ ಕಂಪನಿ ಸ್ಪ್ರಿಂಗ್ ಹಾಕಿದರೇ ಮುಕ್ಕಾಲು ಇಂಚು ಏರಬಹುದು, ಮೊದಲು ಅದನ್ನು ನೋಡಿ.

ಒಂದೂವರೆಯಿಂದ ಎರಡು ಇಂಚು: ಗಟ್ಟಿ ಆಕ್ಸಲ್ ಗಾಡಿಗೆ ಕನಿಷ್ಠ ರಂಧ್ರ ಓರೆ ಇರುವ ಕ್ಯಾಸ್ಟರ್ ಬುಶ್ ಬೇಕು. ಅದರಿಂದ ಸರಿಯಾಗುವುದು ಒಂದೆರಡು ಡಿಗ್ರಿ ಅಷ್ಟೇ. ಅಷ್ಟಕ್ಕೆ ಸಾಲದಿದ್ದರೆ ಆ ಎತ್ತರಕ್ಕೆಂದೇ ಬಾಗಿಸಿ ಮಾಡಿದ ಆರ್ಮ್ ಬೇಕು. ಅಡ್ಡ ರಾಡ್ ಉದ್ದ ಹೊಂದಿಸುವಂಥದ್ದು ಇರಲಿ. ಥಾರಿನಂಥ ಗಾಡಿಗೆ ಬಾಲ್ ಜಾಯಿಂಟಿನ ಕೋನ ತಿದ್ದಿದ ಮೇಲಿನ ಆರ್ಮ್ ಹಾಕಿಸಿ.

ಎರಡು ಇಂಚಿಗಿಂತ ಮೇಲೆ: ಎತ್ತರಕ್ಕೆ ತಕ್ಕ ಆರ್ಮ್ ಇಲ್ಲದೆ ಮುಟ್ಟಲೇಬೇಡಿ. ಬ್ರೇಕ್ ಹೋಸ್, ಚಕ್ರದ ಎಬಿಎಸ್ ವೈರು, ಪ್ರೊಪೆಲ್ಲರ್ ಶಾಫ್ಟ್, ಸ್ಟೇರಿಂಗ್ ರಾಡ್ ಎಲ್ಲದರ ಅಳತೆಯೂ ಬದಲಾಗ್ತದೆ. ತೋಟದ ಕೆಲಸದ ಗಾಡಿಗೆ ಇಷ್ಟು ಎತ್ತರ ಬೇಕಾದ ಸಂದರ್ಭ ನನಗಂತೂ ಕಂಡಿಲ್ಲ.

ಆರ್ಮ್ ಕೊಳ್ಳುವಾಗ "ಎಲ್ಲಾ ಎತ್ತರಕ್ಕೂ ಆಗ್ತದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಯಾವ ಎತ್ತರದಿಂದ ಯಾವ ಎತ್ತರದವರೆಗೆ, ಎಷ್ಟು ಡಿಗ್ರಿ ತಿದ್ದುತ್ತದೆ ಅಂತ ಬರೆದು ಕೊಡಲು ಹೇಳಿ. ಕಮ್ಮಿ ತಿದ್ದಿದರೆ ಗಾಡಿ ತೇಲ್ತದೆ. ಹೆಚ್ಚು ತಿದ್ದಿದರೆ ಸ್ಟೇರಿಂಗ್ ಭಾರ ಆಗ್ತದೆ, ಮುಂದಿನ ಡಿಫರೆನ್ಷಿಯಲ್ ಮೂತಿ ಕೆಳಗಿಳಿದು ಶಾಫ್ಟಿನ ಕ್ರಾಸ್ ಮೇಲೆ ಒತ್ತಡ ಬೀಳ್ತದೆ. ಚಾಸಿಯ ಕಡೆ ಬ್ರಾಕೆಟ್ ಇಳಿಸಿ ಆರ್ಮ್ ಸಮ ಮಾಡುವ ಇನ್ನೊಂದು ದಾರಿಯೂ ಇದೆ. ಡಾಂಬರು ರಸ್ತೆಗೆ ಅದು ಚೆನ್ನ. ತೋಟದಲ್ಲಿ ಆ ಬ್ರಾಕೆಟ್ಟೇ ಮೊದಲು ಕಲ್ಲಿಗೆ ಬಡಿಯುತ್ತದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಹಳೇ ಆರ್ಮ್ ಕತ್ತರಿಸಿ ಉದ್ದ ಮಾಡಿಸುವ ಕೆಲಸಕ್ಕಂತೂ ಕೈ ಹಾಕಬೇಡಿ. ಗೇಟು ಬೆಸುಗೆ ಬಿಟ್ಟರೆ ಮತ್ತೆ ಹಾಕಿಸಬಹುದು. ಇಳಿಜಾರಿನಲ್ಲಿ ಆರ್ಮ್ ಬಿಟ್ಟರೆ ಎರಡನೇ ಅವಕಾಶ ಇಲ್ಲ.

ಈಗಾಗಲೇ ಎತ್ತರಿಸಿದ್ದರೆ ಹೀಗೆ ಪರೀಕ್ಷಿಸಿ

ಒಂದು ಭಾನುವಾರ ಅರ್ಧ ಗಂಟೆ ಸಾಕು. ಗಾಡಿಯನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ.

1. ಚಕ್ರದ ಮಧ್ಯಬಿಂದು ಮಡ್‌ಗಾರ್ಡಿನ ಕಮಾನಿನ ನಡುವೆ ಇದೆಯೇ, ಒಂದು ಕಡೆಗೆ ಸರಿದಿದೆಯೇ ನೋಡಿ.

2. ಎಡ ಟೈರು, ಬಲ ಟೈರು ಬಾಡಿಯಿಂದ ಎಷ್ಟು ಹೊರಗಿವೆ ಅಳೆಯಿರಿ. ವ್ಯತ್ಯಾಸ ಎದ್ದು ಕಾಣುವಷ್ಟಿದ್ದರೆ ಅಡ್ಡ ರಾಡ್ ಹೊಂದಿಸಬೇಕು.

3. ಚಾಸಿಯನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ಕೂರಿಸಿ ಚಕ್ರ ಪೂರ್ತಿ ಜೋಲುವಂತೆ ಮಾಡಿ. ಬ್ರೇಕ್ ಹೋಸ್, ವೈರು ಬಿಗಿಯಾಗಿ ಎಳೆದುಕೊಂಡಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಮೊದಲು ಅದನ್ನು ಬದಲಾಯಿಸಿ. ಜಾಕಿ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡಿ.

4. ಅದೇ ಹೊತ್ತಿಗೆ ಆರ್ಮಿನ ಬುಶ್ ಬಿರುಕು ಬಿಟ್ಟಿದೆಯೇ, ರಬ್ಬರ್ ಬೂಟಿನ ಸುತ್ತ ಗ್ರೀಸ್ ಚಿಮ್ಮಿದೆಯೇ ನೋಡಿ.

5. ಖಾಲಿ ಜಾಗದಲ್ಲಿ ನಿಧಾನಕ್ಕೆ ತಿರುಗಿಸಿ ಸ್ಟೇರಿಂಗ್ ಹಿಡಿತ ಸಡಿಲಿಸಿ. ತಾನಾಗೇ ಮಧ್ಯಕ್ಕೆ ಬರದಿದ್ದರೆ ಕ್ಯಾಸ್ಟರ್ ಅಳೆಸಿ, ಅಂಕಿಯನ್ನು ಕಾಗದದಲ್ಲಿ ತನ್ನಿ.

6. ಅರವತ್ತರ ಆಸುಪಾಸಿನಲ್ಲಿ ಕಾಲಡಿಯಿಂದ ಗುಂಯ್ ಅನ್ನುವ ನಡುಕ ಬಂದರೆ ಶಾಫ್ಟಿನ ಕೋನ ತೋರಿಸಿ. ಬರೀ ಕ್ರಾಸ್ ಬದಲಾಯಿಸಿ ಸುಮ್ಮನಾದರೆ ಹೊಸ ಕ್ರಾಸೂ ಹೋಗ್ತದೆ.

ಕಾಗದಪತ್ರದ ಮಾತು

"ಎಲ್ಲರೂ ಮಾಡ್ತಾರಲ್ಲ, ಯಾರು ಕೇಳ್ತಾರೆ?" ಅನ್ನುವವರಿಗೆ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಲ್ಲಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ವಿಧಿಸಲು ಅವಕಾಶ ಇದೆ. ದಂಡ ಹೇಗೋ ಕಟ್ಟಬಹುದು. ಅಪಘಾತ ಆದಾಗ ವಿಮೆಯವರು ಮಾರ್ಪಾಡಿನ ನೆಪ ತೆಗೆದರೆ ಕಷ್ಟ. ಗಾಯಗೊಂಡ ಆಳಿನ ಮನೆಯವರಿಗೆ ನಾವು ಏನು ಹೇಳೋಣ? ಹಾಗಾಗಿ ಸಾರ್ವಜನಿಕ ರಸ್ತೆಗೆ ಇಳಿಯುವ ಗಾಡಿಯಾದರೆ ಕೆಲಸ ಮಾಡಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಂದ ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಗಾಡಿಯ ಮೇಲಿನ ಆಸೆ ತಪ್ಪಲ್ಲ. ವರ್ಷವಿಡೀ ದುಡಿದವರು ತಮ್ಮ ದುಡ್ಡಿನಲ್ಲಿ ಒಂದು ಒಳ್ಳೆ ಜೀಪು ಇಟ್ಟುಕೊಂಡರೆ ಯಾರಿಗೂ ಹೊಟ್ಟೆಕಿಚ್ಚು ಬೇಡ. ಆದರೆ ತೋಟದಲ್ಲಿ ನಾವು ಗಿಡದ ಎತ್ತರಕ್ಕಿಂತ ಬೇರನ್ನು ನೋಡುವವರು. ಬೇರು ಹಿಡಿಯದ ಗಿಡಕ್ಕೆ ಎಷ್ಟು ಗೊಬ್ಬರ ಸುರಿದರೂ ಒಂದು ಗಾಳಿಮಳೆಗೆ ಮಲಗಿಬಿಡ್ತದೆ ಅಂತ ನಮಗೆ ಗೊತ್ತು. ಗಾಡಿಯ ವಿಷಯದಲ್ಲೂ ಅದೇ ಬುದ್ಧಿ ಇರಲಿ. ಈ ಸಲದ ಕೊಯ್ಲು ಶುರುವಾಗುವ ಮೊದಲು ಒಂದು ಸಲ ಬಗ್ಗಿ ಗಾಡಿಯ ಕೆಳಗೆ ನೋಡಿ. ಆರ್ಮ್ ಹೆಚ್ಚುಕಮ್ಮಿ ನೆಲಕ್ಕೆ ಸಮವಾಗಿದ್ದರೆ ನಿಶ್ಚಿಂತೆಯಿಂದ ಆಳುಗಳನ್ನು ಹತ್ತಿಸಿಕೊಳ್ಳಿ. ಕಡಿದಾಗಿ ಕೆಳಮುಖ ಆಗಿದ್ದರೆ ಆರ್ಮ್ ಬದಲಾಯಿಸಿ, ಇಲ್ಲವೇ ಹಳೇ ಸ್ಪ್ರಿಂಗ್ ವಾಪಸ್ ಹಾಕಿಸಿ. ಅಲ್ಲಿಯವರೆಗೆ ಹಿಂದುಗಡೆ ಯಾರನ್ನೂ ಕೂರಿಸಬೇಡಿ.